ತೊಟ್ಟಿಯ ಮೀನು ಸತ್ತಾಗ ಮನೆಯವರು ಕೇಳಬೇಕಾದ ಪ್ರಶ್ನೆ

ಓದಿಕೊಳ್ಳಿ: ಲೂಕ 13: 1-5, ಯೊವಾನ್ನ 9: 1-3, ಮತ್ತಾಯ 10: 29



ಕೊಪ್ಪಳ, ಗಂಗಾವತಿಯಂಥ ಊರುಗಳ ಮನೆಗಳಲ್ಲೂ ಇಂದು ಪಡಸಾಲೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದು, ಅದರಲ್ಲಿ ನಾಲ್ಕಾರು ಬಣ್ಣದ ಮೀನುಗಳು ಕಾಣಸಿಗುತ್ತವೆ. ಮಕ್ಕಳು ಅವಕ್ಕೆ ಹೆಸರಿಟ್ಟು ಆಡಿಸುತ್ತಾರೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೀನು ಮಗುಚಿ ತೇಲುತ್ತಿರುತ್ತದೆ. ರಾತ್ರಿ ಚೆನ್ನಾಗಿಯೇ ಇತ್ತು, ನೀರೂ ತಿಳಿಯಾಗಿದೆ. ಕಾರಣ ತಿಳಿಯದು. ಮಗು ಅಳುತ್ತದೆ. ಆಗ ದೊಡ್ಡವರ ಬಾಯಿಂದ ಬರುವ ಮೊದಲ ಮಾತು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಸಾಮಾನ್ಯವಾಗಿ ಬರುವ ಮಾತು ಎರಡು. ಒಂದು, “ಯಾರು ತೊಟ್ಟಿಗೆ ಕೈ ಹಾಕಿದ್ದು?” ಎಂಬ ಗದರಿಕೆ. ಇನ್ನೊಂದು, “ಯಾರದೋ ದೃಷ್ಟಿ ತಾಗಿದೆ; ಮನೆಗೆ ಬರಬೇಕಿದ್ದ ಗಂಡಾಂತರವನ್ನು ಮೀನು ಹೊತ್ತುಕೊಂಡು ಹೋಯಿತು” ಎಂಬ ಸಮಾಧಾನ. ಆ ವಾರವೇ ಸೊಸೆಯೊಬ್ಬಳು ಮನೆ ತುಂಬಿದ್ದರೆ ಅವಳ ಕಾಲ್ಗುಣದ ಮಾತೂ ಮೆಲ್ಲಗೆ ಹೊರಡುತ್ತದೆ. ಸತ್ತದ್ದು ಬೆರಳುದ್ದದ ಮೀನು; ನೋಯುವುದು ಒಬ್ಬ ಹೆಣ್ಣುಮಗಳ ಜೀವ.

ಯೇಸುಸ್ವಾಮಿಯ ಉತ್ತರ

ಈ ಚಾಳಿ ಹೊಸದಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳಿದರು. ಇಬ್ಬರದೂ ಅಲ್ಲ ಎಂದರು ಯೇಸುಸ್ವಾಮಿ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗಲೂ, ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ತಿಳಿಸಿ, ಕೇಳುತ್ತಿದ್ದವರೇ ದೇವರಿಗೆ ಅಭಿಮುಖರಾಗಬೇಕೆಂದು ಎಚ್ಚರಿಸಿದರು. ಪ್ರತಿ ಆಪತ್ತಿಗೂ ಒಬ್ಬ ಅಪರಾಧಿಯನ್ನು ಹುಡುಕುವುದು ವಿಶ್ವಾಸದ ಗುರುತಲ್ಲ. ನಮ್ಮ ಭಾರವನ್ನು ಹೊತ್ತವರು ಕ್ರಿಸ್ತರು. ಅದನ್ನು ಮೀನಿನ ಮೇಲಾಗಲಿ ಸೊಸೆಯ ಮೇಲಾಗಲಿ ಹೊರಿಸಬೇಕಾಗಿಲ್ಲ.

ಗದರಿಕೆಯಿಂದ ಇನ್ನೊಂದು ಕೆಡುಕಿದೆ. ಮೀನಿಗೆ ಹಸಿವೆಂದು ಅರ್ಧ ಪೊಟ್ಟಣ ಆಹಾರ ಸುರಿದ ಮಗು ಹೆದರಿ ಬಾಯಿ ಮುಚ್ಚಿಕೊಳ್ಳುತ್ತದೆ. ನಿಜವಾದ ಕಾರಣ ಅಲ್ಲಿಗೆ ಮುಚ್ಚಿಹೋಗುತ್ತದೆ. ಉಳಿದ ಮೀನುಗಳೂ ಸಾಯುತ್ತವೆ. ಆದ್ದರಿಂದ “ಯಾರು ಮಾಡಿದರು?” ಎನ್ನುವ ಬದಲು “ನಿನ್ನೆಯಿಂದ ಏನೇನಾಯಿತು?” ಎಂದು ಕೇಳೋಣ.

ನೀರನ್ನು ನೋಡೋಣ

ಎಲ್ಲ ಮೀನುಗಳೂ ಕೆಲವೇ ತಾಸುಗಳಲ್ಲಿ ಸತ್ತಿದ್ದರೆ ನೀರಿಗೆ ವಿಷ ಸೇರಿರಬಹುದು. ನಳದ ನೀರಿನ ಕ್ಲೋರಿನ್, ಬಕೆಟ್ಟಿಗೆ ಅಂಟಿದ ಸಾಬೂನು, ಜಿರಳೆಗೋ ಸೊಳ್ಳೆಗೋ ಹೊಡೆದ ಔಷಧಿ, ಇವನ್ನು ನೆನಪಿಸಿಕೊಳ್ಳಿ. ಸೊಳ್ಳೆ ಔಷಧಿಗಳಲ್ಲಿ ಬಳಸುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕಗಳು ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ಅಪಾಯಕಾರಿ. ಭತ್ತದ ಗದ್ದೆಗೆ ಔಷಧಿ ಹೊಡೆದು ಬಂದವರು ಅದೇ ಕೈಯನ್ನು ತೊಟ್ಟಿಗೆ ಅದ್ದಬಾರದು.

ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಪ್ರಾಣವಾಯು ಸಾಲದಾಗಿರಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಕಷ್ಟ ಇಮ್ಮಡಿ. ಆಗ ತೊಟ್ಟಿಯ ನೀರನ್ನೇ ಲೋಟದಲ್ಲಿ ಎತ್ತಿ ಮೇಲಿನಿಂದ ಮತ್ತೆ ಮತ್ತೆ ಸುರಿಯುತ್ತಿದ್ದರೂ ಉಪಕಾರವಾಗುತ್ತದೆ.

ದಿನಕ್ಕೊಂದರಂತೆ ಸಾಯುತ್ತಿದ್ದು, ತೊಟ್ಟಿ ಹೊಸದಾಗಿದ್ದರೆ, ಅಮೋನಿಯಾದ ಮೇಲೆ ಸಂಶಯಪಡಬೇಕು. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಹುಟ್ಟುವ ಈ ವಿಷಕ್ಕೆ ಬಣ್ಣವಿಲ್ಲ. ನೀರು ಸ್ಫಟಿಕದಂತೆ ಕಂಡರೂ ಅದು ಇರಬಲ್ಲದು. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಹಾನಿಯಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ವಾರವಾರವೂ ತೊಟ್ಟಿಯನ್ನು ಬರಿದು ಮಾಡಿ ತಿಕ್ಕಿ ತೊಳೆಯುವವರು ಪ್ರೀತಿಯಿಂದಲೇ ಆ ಉಪಕಾರಿ ಜೀವಿಗಳನ್ನು ಕೊಲ್ಲುತ್ತಾರೆ. ಕ್ಷಾರಗುಣ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಅಮೋನಿಯಾ ಇನ್ನೂ ತೀಕ್ಷ್ಣ.

ಒಂದೇ ಮೀನು ಸತ್ತು ಉಳಿದವು ಚುರುಕಾಗಿದ್ದರೆ ವಯಸ್ಸೋ ಒಳಗಿನ ರೋಗವೋ ಇರಬಹುದು. ಫೈಟರ್ ಮೀನಿನ ಆಯಸ್ಸು ಸಾಮಾನ್ಯವಾಗಿ 2ರಿಂದ 4 ವರ್ಷ ಮಾತ್ರ.

ತಕ್ಷಣ ಮಾಡಬೇಕಾದದ್ದು ಇಷ್ಟು: ಸತ್ತ ಮೀನನ್ನು ತೆಗೆಯಿರಿ. ನಾಲ್ಕನೆಯ ಒಂದು ಭಾಗ ನೀರನ್ನು ಮಾತ್ರ ಬದಲಿಸಿ. ಕ್ಲೋರಿನ್ ನೀಗುವ ಹನಿಯೌಷಧಿ ಬೆರೆಸಿದ ಅಥವಾ ಒಂದು ದಿನ ಬಾಯಗಲದ ಪಾತ್ರೆಯಲ್ಲಿ ತೆರೆದಿಟ್ಟ ನೀರನ್ನು ಸೇರಿಸಿ. ಒಂದೆರಡು ದಿನ ಆಹಾರ ನಿಲ್ಲಿಸಿ. ದೊಡ್ಡ ಮೀನಿಗೆ ಅದರಿಂದ ತೊಂದರೆಯಿಲ್ಲ. ಪಂಪಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಿ. ಉಳಿದ ಮೀನು ಬೇಡವಾಯಿತೆಂದು ಕಾಲುವೆಗೋ ಕೆರೆಗೋ ಬಿಡಬೇಡಿ. ಪರದೇಶದ ತಳಿಗಳು ಅಲ್ಲಿನ ಮೀನುಗಳಿಗೆ ಕುತ್ತಾಗುತ್ತವೆ.

ತೊಟ್ಟಿಯಿಂದ ಹೊಳೆಗೆ

ಮೀನು ಮೊದಲು ಸಾಯುವುದರಿಂದ ನೀರಿನ ಕೇಡು ನಮಗೆ ತಿಳಿಯುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಹರಿಹರದ ಕೆಳಭಾಗದ ತುಂಗಭದ್ರೆಯಲ್ಲಿ ಮೀನುಗಳು ರಾಶಿಯಾಗಿ ಸತ್ತು ತೇಲಿದವು. ಹೊಳೆಯ ದಂಡೆಯ ಜನ ಅದನ್ನು ಹಣೆಬರಹವೆನ್ನದೆ ಪ್ರಶ್ನಿಸಿದರು. ಕಾರ್ಖಾನೆಯ ಕೊಳಕು ನೀರಿನ ವಿರುದ್ಧ ನಡೆದ ಚಳವಳಿ ನಾಡಿಗೇ ತಿಳಿಯಿತು. ಅದೇ ಹೊಳೆ ಮುನಿರಾಬಾದಿನ ಅಣೆಕಟ್ಟೆಯಲ್ಲಿ ನಿಂತು ಎಡದಂಡೆ ಕಾಲುವೆಯಾಗಿ ಗಂಗಾವತಿಯ ಗದ್ದೆಗಳಿಗೆ ಹರಿಯುತ್ತದೆ. ಮನೆಯ ತೊಟ್ಟಿಯಲ್ಲಿ ಕಾರಣ ಹುಡುಕಲು ಕಲಿತ ಮಗು ನಾಳೆ ಊರ ಕೆರೆಯ ಬಗೆಗೂ ಕೇಳೀತು.

ಮಗುವಿಗೆ ಏನು ಹೇಳೋಣ?

ಎಷ್ಟು ಹುಡುಕಿದರೂ ಕೆಲವು ಸಲ ಕಾರಣ ಸಿಗುವುದಿಲ್ಲ. “ನಮಗೆ ಗೊತ್ತಾಗಲಿಲ್ಲ ಕಂದಾ, ನಿನ್ನ ಮೇಲೆ ಸಿಟ್ಟಿಲ್ಲ” ಎಂದು ನಿಜವನ್ನೇ ಹೇಳಿ. ರಾತ್ರೋರಾತ್ರಿ ಅಂಥದೇ ಮೀನು ತಂದು ಬಿಟ್ಟು ಸಾವನ್ನು ಮರೆಮಾಚಬೇಡಿ. ಬೈಬಲಿನಲ್ಲಿ ದೇವರ ಮೊದಲ ಆಶೀರ್ವಾದ ದೊರೆತದ್ದು ಮೀನುಗಳಿಗೂ ಹಕ್ಕಿಗಳಿಗೂ ಎಂದು (ಆದಿಕಾಂಡ 1: 22) ತೋರಿಸಿಕೊಡಿ. ಒಂದು ಗುಬ್ಬಿಯೂ ಪಿತನ ಅರಿವಿಲ್ಲದೆ ನೆಲಕ್ಕೆ ಬೀಳದೆಂದು ಯೇಸುಸ್ವಾಮಿ ಹೇಳಿದ್ದನ್ನು ನೆನಪಿಸಿ. ಪ್ರಾಣಿಗಳಿಗೆ ನಾವು ದಯೆ ತೋರಲೇಬೇಕೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಪರಿಚ್ಛೇದ 2416) ಕಲಿಸುತ್ತದೆ. ಮನುಷ್ಯರಿಗೆ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗಳಿಗೆ ಕೊಡಬಾರದೆಂಬ ಎಚ್ಚರಿಕೆಯೂ (2418) ಅಲ್ಲೇ ಇದೆ. ಮೀನಿಗಾಗಿ ಮಗುವನ್ನು ಹೊಡೆಯುವುದು ಈ ಎರಡನ್ನೂ ಮರೆತಂತೆ.

ಮನೆಯಲ್ಲಿ ಮಾತಾಡಲು

1. ನಮ್ಮ ಮನೆಯಲ್ಲಿ ಏನಾದರೂ ಕೆಟ್ಟಾಗ ಮೊದಲು ಯಾರ ಮೇಲೆ ಕಣ್ಣು ಬೀಳುತ್ತದೆ? ಏಕೆ?

2. ನಮ್ಮ ಮಕ್ಕಳು ಹೆದರದೆ ನಿಜ ಹೇಳುವಂತಿದೆಯೇ?

3. ಕಾಲ್ಗುಣ, ದೃಷ್ಟಿ ಎಂಬ ಮಾತಿನಿಂದ ನಮ್ಮಲ್ಲಿ ಯಾರಾದರೂ ನೊಂದಿದ್ದಾರೆಯೇ? ಅವರ ಬಳಿ ಕ್ಷಮೆ ಕೇಳುವುದು ಹೇಗೆ?

ಈ ವಾರದ ಕೆಲಸ: ತೊಟ್ಟಿಯಿರುವ ಮನೆಯವರು ನೀರು ಬದಲಿಸಿದ ದಿನ ಹಾಗೂ ಆಹಾರದ ಅಳತೆಯನ್ನು ಮಕ್ಕಳಿಂದಲೇ ಒಂದು ಪುಸ್ತಕದಲ್ಲಿ ಬರೆಸಿ. ಸಂಜೆಯ ಜಪಮಾಲೆಯ ನಂತರ ನಮ್ಮ ಕೆರೆ, ಹೊಳೆಗಳಿಗಾಗಿಯೂ ಅವುಗಳ ನೀರು ಕುಡಿಯುವವರಿಗಾಗಿಯೂ ಪ್ರಾರ್ಥಿಸಿರಿ.