ಒಣಗಿದ ತೊಗರಿ ಗಿಡದಿಂದ ಸಂಶೋಧನಾ ಪ್ರಶ್ನೆಗೆ: ಜಿಡಗಾದಲ್ಲಿ ಒಂದು ಮಾದರಿ ಪಾಠ

ಆಳಂದ ತಾಲ್ಲೂಕಿನ ಜಿಡಗಾದಲ್ಲಿ ಬೋಧನಾಭ್ಯಾಸ ನಡೆದಾಗ ಒಂಬತ್ತನೆಯ ತರಗತಿಗೆ ನಾನು ತೆಗೆದುಕೊಂಡ ಎರಡು ಅವಧಿಗಳ ಮಾದರಿ ಪಾಠದ ವಿವರವಿದು. ಘಟಕ: ಹವಾಮಾನ ಬದಲಾವಣೆ ಮತ್ತು ಕೃಷಿ. ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳಲ್ಲಿ ಇದಕ್ಕೆ ಬರೆಯುವ ಉದ್ದೇಶ ಸಾಮಾನ್ಯವಾಗಿ ಒಂದೇ: ‘ಪರಿಣಾಮಗಳನ್ನು ಪಟ್ಟಿ ಮಾಡುವರು.’ ಪಟ್ಟಿ ಮಾಡುವುದು ಮಕ್ಕಳಿಗೆ ಕಷ್ಟವಲ್ಲ. ಸಮುದ್ರವನ್ನೇ ಕಾಣದವರೂ ಸಮುದ್ರ ಮಟ್ಟ ಏರುವುದನ್ನು ಸಲೀಸಾಗಿ ಒಪ್ಪಿಸುತ್ತಾರೆ. ಆದ್ದರಿಂದ ಉದ್ದೇಶವನ್ನು ಹೀಗೆ ಬರೆದುಕೊಂಡೆ: ಹೊಲದಲ್ಲಿ ಕಂಡ ನಷ್ಟವನ್ನು ಪರೀಕ್ಷಿಸಬಹುದಾದ ಪ್ರಶ್ನೆಯಾಗಿ ರೂಪಿಸುವರು, ಅವುಗಳಲ್ಲಿ ಯಾವುದನ್ನು ಮೊದಲು ಕೇಳಬೇಕೆಂದು ಕಾರಣ ಸಹಿತ ಹೇಳುವರು.

ಹಿಂದಿನ ದಿನವೇ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಹೊಲದಲ್ಲಿ ಒಣಗಿದ ತೊಗರಿ ಗಿಡವಿದ್ದರೆ ಬೇರು ಸಮೇತ ಕಿತ್ತು ತರುವುದು. ಹೊಲ ಎರಿಯೋ ಮಸಾರಿಯೋ, ಗಿಡವಿದ್ದದ್ದು ತಗ್ಗಿನಲ್ಲೋ ದಿಬ್ಬದಲ್ಲೋ, ಹೋದ ವರ್ಷ ಅಲ್ಲಿ ಏನು ಬೆಳೆದಿತ್ತು ಎಂಬುದನ್ನು ಮನೆಯಲ್ಲಿ ಕೇಳಿ ಬರೆದುಕೊಳ್ಳುವುದು.

“ಗಿಡ ಯಾಕ ಒಣಗ್ಯಾದ?” ಎಂದು ಪೀಠಿಕಾ ಪ್ರಶ್ನೆ ಹಾಕಿದೆ.

“ನೆಟೆ ಹೊಡದಾದ್ರಿ.”

“ನೆಟೆ ಯಾಕ ಬಂತು?”

“ಹವಾಮಾನ ಬದಲಾಗ್ಯಾದಲ್ರಿ ಸರ.”

ಆ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದೆ; ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಈ ಮಕ್ಕಳಿಗೆ ನೆಟೆ ಪುಸ್ತಕದ ಮಾತಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಅದರಿಂದ ದೊಡ್ಡ ಪ್ರಮಾಣದಲ್ಲಿ ಹಾಳಾಗಿ, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಆದರೆ ‘ಹವಾಮಾನ’ ಎಂಬ ಒಂದೇ ಉತ್ತರಕ್ಕೆ ನಿಂತರೆ ಸಂಶೋಧಕನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ನಂತರ ಕಾಂಡ ಸೀಳುವ ಚಟುವಟಿಕೆ. ಪಾಠದ ಜೀವ ಇರುವುದೇ ಇಲ್ಲಿ, ಸಮಯ ಹೆಚ್ಚು ಹಿಡಿದರೂ ಅವಸರ ಮಾಡಬಾರದು. ಕಾಂಡವನ್ನು ಉದ್ದಕ್ಕೆ ಸೀಳಿದಾಗ ತೊಗಟೆಯ ಕೆಳಗೆ ಕಂದು ಅಥವಾ ಕಪ್ಪು ಗೆರೆಗಳು ಓಡಿದ್ದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗದ ಗುರುತು. ನೀರು ಸಾಗಿಸುವ ನಾಳಗಳನ್ನು ಅದು ಕಟ್ಟಿಬಿಡುತ್ತದೆ. ಬೇರು ಕೊಳೆತು, ಸಿಪ್ಪೆ ಸುಲಭವಾಗಿ ಬಿಟ್ಟು, ಮುಟ್ಟಿದರೆ ಮುರಿಯುವಂತಿದ್ದರೆ ಒಣ ಬೇರು ಕೊಳೆ ಎಂದು ಸಂಶಯಪಡಬೇಕು. ಅದಕ್ಕೆ ಬಿಸಿಲಿನ ತಾಪ, ತೇವದ ಕೊರತೆ ಅನುಕೂಲ. ನೆಲಕ್ಕೆ ಹತ್ತಿರ ಕಾಂಡದ ಮೇಲೆ ಕಂದು ಗಾಯವಿದ್ದರೆ ನೀರು ನಿಂತ ಹೊಲದಲ್ಲಿ ಬರುವ ಫೈಟಾಫ್ತೊರ ಅಂಗಮಾರಿ ಇರಬಹುದು. ಯಾವ ಗುರುತೂ ಇಲ್ಲದೆ, ಬರೀ ನೀರು ನಿಂತು ಬೇರು ಉಸಿರುಕಟ್ಟಿ ಸತ್ತ ಗಿಡಗಳೂ ಇರುತ್ತವೆ. ನಮ್ಮ ಮಂದಿಯ ಬಾಯಲ್ಲಿ ಇವೆಲ್ಲವೂ ‘ನೆಟೆ’.

ಗಿಡಗಳನ್ನು ಗುಂಪು ಮಾಡಿ, ಹೊಲದ ವಿವರವನ್ನು ಪಕ್ಕದಲ್ಲಿ ಬರೆಸಿದೆ. ಹಲಗೆ ನೋಡುತ್ತ ಕುಳಿತಿದ್ದ ಒಬ್ಬ ಹುಡುಗಿ ತಾನಾಗಿಯೇ ಹೇಳಿದಳು: “ಗೆರಿ ಇದ್ದ ಗಿಡ ಬಂದಿದ್ದು ವರ್ಷಾ ತೊಗರೀನೇ ಹಾಕೋ ಹೊಲದಿಂದ್ರಿ.” ಸೊರಗಿನ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂದು ನಾನು ವಿವರಿಸಿದ್ದು ಆಮೇಲೆ. ಈ ಕ್ರಮ ಮುಖ್ಯ. ಮೊದಲೇ ಹೇಳಿದ್ದರೆ ಅವಳು ಹಲಗೆಯನ್ನು ಅಷ್ಟು ಹೊತ್ತು ನೋಡುತ್ತಿರಲಿಲ್ಲ. ಒಂದೇ ನಷ್ಟದಲ್ಲಿ ಹವಾಮಾನದ ಪಾಲು ಬೇರೆ, ಬೆಳೆ ಪದ್ಧತಿಯ ಪಾಲು ಬೇರೆ ಎಂಬುದು ತರಗತಿಗೆ ಅಲ್ಲಿಗೆ ಗೊತ್ತಾಯಿತು.

ಸಂಶೋಧನೆ ಆದ್ಯತೆಯನ್ನು ಹೇಗೆ ಆರಿಸುತ್ತದೆ ಎಂಬುದಕ್ಕೆ ‘ಮಾರುತಿ’ ತಳಿಯ ಕಥೆ ಹೇಳಿದೆ. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಸೊರಗು ರೋಗ ನಿರೋಧಕ್ಕಾಗಿ ಆರಿಸಿದ ಈ ತೊಗರಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಉತ್ತರದ ಜಿಲ್ಲೆಗಳಲ್ಲಿ ಹಬ್ಬಿತು. ಆದರೆ ನುಸಿಯಿಂದ ಹರಡುವ ಗೊಡ್ಡು ರೋಗವನ್ನು ಅದು ತಡೆಯದು. ಒಂದು ಪ್ರಶ್ನೆಯನ್ನು ಮುಂದಿಟ್ಟಾಗ ಇನ್ನೊಂದು ಹಿಂದೆ ಉಳಿಯಿತು. ಮುಂದೆ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್‌ನಂಥ ತಳಿಗಳು ಬಂದವು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಮಾನ ತಾಳಿಕೆಯ ಕೃಷಿಗೆಂದೇ ‘ನಿಕ್ರಾ’ ಯೋಜನೆ ಆರಂಭಿಸಿದ್ದು 2011ರಲ್ಲಿ.

ಎರಡನೆಯ ಅವಧಿಯಲ್ಲಿ ಗುಂಪುಗಳು ತಮ್ಮ ಪ್ರಶ್ನೆಗಳಿಗೆ ಕ್ರಮ ಹಚ್ಚಿದವು. ಅಳತೆಗೋಲು ಎರಡೇ: ಎಷ್ಟು ಜನಕ್ಕೆ ಬೇಕು, ಉತ್ತರ ಎಷ್ಟು ವರ್ಷಕ್ಕೆ ಸಿಗುತ್ತದೆ. ತಗ್ಗಿನ ಹೊಲದವರು ನೀರು ಹೊರಹಾಕುವ ಬಸಿಗಾಲುವೆಯನ್ನು ಮೊದಲಿಟ್ಟರು, ದಿಬ್ಬದವರು ಬರ ತಾಳುವ ತಳಿಯನ್ನು. ಚಿಂಚೋಳಿ ಕಡೆ ನೆಂಟರಿರುವ ಒಬ್ಬ ಅಲ್ಲಿಯ ಕಾಡಿನ ಪ್ರಶ್ನೆ ಎತ್ತಿದ. ಯಾವ ಗುಂಪೂ ಅದಕ್ಕೆ ಜಾಗ ಕೊಡಲಿಲ್ಲ. ನಮ್ಮ ಸುತ್ತ ಬದುವಿನ ಬೇವು, ಜಾಲಿ ಬಿಟ್ಟರೆ ಮರ ಕಾಣದ ಮಕ್ಕಳಿಗೆ ಅದು ದೂರದ ಮಾತು. ಅರಣ್ಯಕ್ಕೆ ಬೇರೆಯೇ ಪಾಠ ಬೇಕು.

ಗಿಡ ತಾರದ ಹುಡುಗನೊಬ್ಬನಿದ್ದ. ಮನೆಗೆ ಹೊಲವಿಲ್ಲ. ಅವನ ಪ್ರಶ್ನೆ: “ಒಣಗಿದ ಹೊಲಕ್ಕ ಪರಿಹಾರ ಬರ್ತದ. ರಾಶಿ ಕೂಲಿ ತಪ್ಪಿದವರಿಗೆ?” ತರಗತಿ ಸುಮ್ಮನಾಯಿತು. ಎಷ್ಟು ಜನಕ್ಕೆ ಬೇಕು ಎಂಬ ಅಳತೆಗೋಲನ್ನು ಹಿಡಿದರೆ ಅದು ಮೇಲಕ್ಕೇ ಹೋಗಬೇಕು, ಆದರೆ ಯಾವ ಗುಂಪಿನ ಪಟ್ಟಿಯಲ್ಲೂ ಅದು ಇರಲಿಲ್ಲ. ಕೃಷಿ ವಿಜ್ಞಾನದ್ದಲ್ಲ, ಅರ್ಥಶಾಸ್ತ್ರದ್ದು ಎಂದು ಬದಿಗೆ ಸರಿಸಲು ನನಗೆ ಮನಸ್ಸಾಗಲಿಲ್ಲ. ಅವನ ಮಾತಿನಲ್ಲೇ ಹಲಗೆಗೆ ಏರಿಸಿ, ಎಲ್ಲ ಗುಂಪುಗಳೂ ಕ್ರಮವನ್ನು ಮತ್ತೊಮ್ಮೆ ಹಚ್ಚಲಿ ಎಂದೆ. ಎರಡು ಗುಂಪು ಬದಲಿಸಿದವು, ಉಳಿದವು ಇಲ್ಲ. ಎರಡಕ್ಕೂ ಕಾರಣ ಬರೆಸಿಕೊಂಡೆ. ಮೌಲ್ಯಮಾಪನಕ್ಕೆ ಅಂಕ ಇದ್ದದ್ದು ಕಾರಣಕ್ಕೆ, ಕ್ರಮಕ್ಕಲ್ಲ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ನವೆಂಬರ್ ಹೊತ್ತಿಗೆ ಮಾಡಬೇಕು. ರಾಶಿಯಾದ ಮೇಲೆ ಗಿಡ ಸಿಗುವುದಿಲ್ಲ. ಚಾಕು ಶಿಕ್ಷಕರ ಕೈಯಲ್ಲೇ ಇರಲಿ. ಸೀಳಿದ ಗಿಡಗಳನ್ನು ಮಕ್ಕಳ ಕೈಯಲ್ಲಿ ಹೊಲಕ್ಕೆ ವಾಪಸ್ ಕಳಿಸದೆ, ಬೇರಿನ ಮಣ್ಣಿನ ಸಮೇತ ಒಂದೆಡೆ ಕೂಡಿಹಾಕಿ ಸುಡಬೇಕು.