ಕಸಿಮಾಡಿದ ಗುಲಾಬಿ ಗಿಡದ ಪೋಷಣೆ

ಮೈಸೂರು ಸೀಮೆಯ ಪಟ್ಟಣಗಳಲ್ಲಿ ಮನೆಯ ಮುಂದೆ ನಾಲ್ಕು ಅಡಿ ಜಾಗವಿದ್ದರೂ ಅದರಲ್ಲೊಂದು ಗುಲಾಬಿ ಗಿಡವನ್ನು ನೆಡದ ಗೃಹಸ್ಥರು ವಿರಳ. ಹೀಗೆ ನೆಟ್ಟವರಲ್ಲಿ ಅನೇಕರು ಎರಡು ಮೂರು ವರ್ಷಗಳೊಳಗೆ ಒಂದೇ ಬಗೆಯ ದೂರನ್ನು ಹೇಳುವುದುಂಟು. ಕೊಂಡುತಂದಾಗ ಅಂಗೈಯಗಲದ ಕೆಂಪು ಹೂ ಬಿಡುತ್ತಿದ್ದ ಗಿಡವು ಬರಬರುತ್ತ ಆಳೆತ್ತರ ಬೆಳೆದು, ಗೊಂಚಲು ಗೊಂಚಲಾಗಿ ಸಣ್ಣ ಬಿಳಿಯ ಹೂಗಳನ್ನು ಬಿಡಲಾರಂಭಿಸಿತೆಂದೂ, ಇಲ್ಲವೆ ಹೂವನ್ನೇ ಬಿಡದೆ ಬರಿಯ ಸೊಪ್ಪಾಯಿತೆಂದೂ ಅವರ ಹೇಳಿಕೆ. ಕೆಲವರು ಇದಕ್ಕೆ ಮಣ್ಣಿನ ಗುಣ ಕಾರಣವೆನ್ನುವರು. ಕೆಲವರು ಗಿಡ ಮಾರಿದವನ ಮೋಸವೆನ್ನುವರು. ದೃಷ್ಟಿ ತಾಕಿತೆನ್ನುವವರೂ ಇಲ್ಲದಿಲ್ಲ. ವಾಸ್ತವವಾಗಿ ಗಿಡದ ಜಾತಿಯು ಬದಲಾಗಿರುವುದಿಲ್ಲ. ಕೊಂಡುತಂದ ಗುಲಾಬಿಯು ಸತ್ತು, ಅದರ ಕೆಳಗಿದ್ದ ಬೇರೊಂದು ಗುಲಾಬಿಯು ಅದರ ಸ್ಥಾನವನ್ನು ಆಕ್ರಮಿಸಿರುತ್ತದೆ.

ಗುಲಾಬಿಯು ಈ ಸೀಮೆಗೆ ಹೊಸದಲ್ಲ. ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ತೋಟಗಳನ್ನು 1800ರಲ್ಲಿ ಸಂದರ್ಶಿಸಿದ ಫ್ರಾನ್ಸಿಸ್ ಬುಕಾನನ್ನನು, ಅಲ್ಲಿ ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಪಾತಿಯನ್ನು ಮೀಸಲಿಟ್ಟಿದ್ದರೆಂದೂ, ಒಂದು ಪಾತಿಯ ತುಂಬ ಗುಲಾಬಿಯೇ ಇದ್ದಿತೆಂದೂ ಬರೆದಿಟ್ಟಿದ್ದಾನೆ. ಆದರೆ ಈಗ ಸಸ್ಯಕ್ಷೇತ್ರಗಳಲ್ಲಿ ಮಾರುವ, ನೀಳವಾದ ಮೊಗ್ಗಿನ ದೊಡ್ಡ ಹೂಗಳುಳ್ಳ ಗುಲಾಬಿಗಳು ಅಂದು ಇರಲಿಲ್ಲ. ‘ಹೈಬ್ರಿಡ್ ಟೀ’ ಎಂಬ ಈ ವರ್ಗದಲ್ಲಿ ಮೊದಲನೆಯದೆಂದು ಗಣಿಸಲ್ಪಡುವ ‘ಲಾ ಫ್ರಾನ್ಸ್’ ಎಂಬ ತಳಿಯು ಹುಟ್ಟಿದ್ದು 1867ರಲ್ಲಿ. ಈ ತಳಿಗಳಲ್ಲಿ ಹಲವು ಚೆಲುವಿನಲ್ಲಿ ಎಷ್ಟು ಮೇಲೋ ಸ್ವಂತ ಬೇರಿನ ಬಲದಲ್ಲಿ ಅಷ್ಟೇ ಕೆಳಗು. ಆದಕಾರಣ ಗಟ್ಟಿಮುಟ್ಟಾದ ಬೇರೊಂದು ಗುಲಾಬಿಯ ಕಾಂಡದ ತೊಗಟೆಯನ್ನು ಸೀಳಿ, ಅದರೊಳಗೆ ಉತ್ತಮ ತಳಿಯ ಒಂದು ಕಣ್ಣನ್ನು ಕೂಡಿಸಿ ಕಟ್ಟುತ್ತಾರೆ. ಕಣ್ಣು ಕಚ್ಚಿಕೊಂಡು ಚಿಗುರಿದ ಮೇಲೆ ಕಾಂಡದ ಮೇಲ್ಭಾಗವನ್ನು ಕತ್ತರಿಸಿಹಾಕುತ್ತಾರೆ. ಇದೇ ಕಣ್ಣು ಕಸಿ. ಕೆಳಗಿನ ಬೇರುಸಸಿಗೆ ಮಲ್ಟಿಫ್ಲೋರಾ, ಎಡ್ವರ್ಡ್ ಮುಂತಾದ ಜಾತಿಗಳನ್ನು ಬಳಸುವುದುಂಟು. ಹೀಗೆ ಹೊರನೋಟಕ್ಕೆ ಒಂದೇ ಗಿಡವಾಗಿ ಕಾಣುವುದು ನಿಜವಾಗಿ ಎರಡು ಗಿಡ. ಕೆಳಗಿನದು ಮೇಲಿನದಕ್ಕಿಂತ ಬಲಶಾಲಿ. ಅದನ್ನು ಆರಿಸಿದುದೇ ಆ ಬಲಕ್ಕಾಗಿ ಎಂಬುದನ್ನು ಮರೆಯಬಾರದು.

ಬೇರುಸಸಿಯು ಮೇಲಿನ ಕಸಿಗೆ ಆಹಾರವನ್ನೊದಗಿಸುತ್ತಿದ್ದರೂ ತಾನೇ ಚಿಗುರಬೇಕೆಂಬ ಸ್ವಭಾವವನ್ನು ಬಿಟ್ಟಿರುವುದಿಲ್ಲ. ಬುಡದಲ್ಲಿ ಅಗೆಯುವಾಗ ಬೇರಿಗೆ ಗಾಯವಾದರೆ, ಇಲ್ಲವೆ ಮೇಲಿನ ಕಸಿಯು ರೋಗದಿಂದ ಬಳಲಿದರೆ, ಕಸಿಯ ಗಂಟಿನ ಕೆಳಗಿನಿಂದ ನೀಳವಾದ, ಹುರುಪಿನ ಚಿಗುರು ಹೊರಡುತ್ತದೆ. ಇದಕ್ಕೆ ಕಳ್ಳಚಿಗುರು ಎಂಬ ಹೆಸರು ಒಪ್ಪುತ್ತದೆ. ತಿಳಿಯದವರು ಇದನ್ನು ಕಂಡು ಗಿಡವು ಚೆನ್ನಾಗಿ ಹೊಡೆಯಿತೆಂದು ಹಿಗ್ಗಿ, ಇನ್ನಷ್ಟು ಗೊಬ್ಬರವನ್ನು ಹಾಕುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಬೇರಿನ ಸಾರವೆಲ್ಲ ಅದರ ಪಾಲಾಗಿ, ಮೇಲಿನ ಕಸಿಯು ಒಂದೊಂದೇ ಕೊಂಬೆಯಾಗಿ ಒಣಗುತ್ತ ಬರುತ್ತದೆ.

ಎಲೆಯಲ್ಲಿ ಐದು ದಳಗಳಿದ್ದರೆ ಕಸಿ, ಏಳಿದ್ದರೆ ಕಳ್ಳಚಿಗುರು ಎಂಬ ಮಾತು ಜನರಲ್ಲಿ ಬಳಕೆಯಲ್ಲಿದೆ. ಇದನ್ನು ಪೂರ್ತಿಯಾಗಿ ನಂಬಕೂಡದು. ಒಳ್ಳೆಯ ತಳಿಗಳಲ್ಲಿಯೂ ಏಳು ದಳದ ಎಲೆಗಳು ಕಾಣಿಸಿಕೊಳ್ಳುವುದರಿಂದ, ಈ ಲೆಕ್ಕವನ್ನು ಹಿಡಿದು ಕತ್ತರಿ ಹಾಕಿದವರು ಹೂ ಬಿಡುವ ಕೊಂಬೆಯನ್ನೇ ಕಳೆದುಕೊಳ್ಳುವ ಸಂಭವವುಂಟು. ಎಲೆಯ ಬಣ್ಣ, ಮುಳ್ಳಿನ ಆಕಾರ ಮುಂತಾದುವು ಸಂಶಯವನ್ನು ಹುಟ್ಟಿಸಲು ಸಾಕು, ನಿರ್ಣಯಕ್ಕೆ ಸಾಲವು. ನಿಶ್ಚಿತವಾದ ಪರೀಕ್ಷೆ ಒಂದೇ: ಬುಡದ ಮಣ್ಣನ್ನು ಕೈಯಿಂದ ಮೆಲ್ಲನೆ ಸರಿಸಿ, ಚಿಗುರು ಹೊರಟಿರುವ ಸ್ಥಳವನ್ನು ನೋಡತಕ್ಕದ್ದು. ಗಂಟಿನಿಂದಾಗಲಿ ಅದರ ಮೇಲಿನಿಂದಾಗಲಿ ಹೊರಟಿದ್ದರೆ ಅದು ಗಿಡದ ಮುಂದಿನ ಕೊಂಬೆ, ಜೋಪಾನ ಮಾಡಬೇಕು. ಗಂಟಿನ ಕೆಳಗಿನಿಂದ ಹೊರಟಿದ್ದರೆ ಉಳಿಸಕೂಡದು.

ತೆಗೆಯುವ ವಿಧಾನದಲ್ಲಿಯೂ ತಪ್ಪುವವರು ಬಹಳ. ನೆಲದ ಮಟ್ಟಕ್ಕೆ ಕತ್ತರಿಸಿದರೆ ಉಳಿದ ಮೋಟಿನಲ್ಲಿರುವ ಕಣ್ಣುಗಳು ಚಿಗುರಿ, ಒಂದರ ಸ್ಥಾನದಲ್ಲಿ ಮೂರು ನಾಲ್ಕು ಏಳುತ್ತವೆ. ಅದು ಎಳೆಯದಾಗಿರುವಾಗಲೇ, ಹುಟ್ಟಿದ ಸ್ಥಳದವರೆಗೆ ಮಣ್ಣನ್ನು ಬಿಡಿಸಿ, ಕೆಳಮುಖವಾಗಿ ಎಳೆದು ಬುಡಸಹಿತ ಕಿತ್ತುಹಾಕಬೇಕು. ಬಲಿತುಹೋಗಿದ್ದರೆ ಹರಿತವಾದ ಚಾಕುವಿನಿಂದ ಕಾಂಡಕ್ಕೆ ಅಂಟಿದಂತೆಯೇ ಕೊಯ್ದು, ಮಣ್ಣನ್ನು ಮುಚ್ಚಿ ಒತ್ತತಕ್ಕದ್ದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬುಡವನ್ನು ನೋಡುವ ಅಭ್ಯಾಸವಿದ್ದರೆ ಈ ಕೆಲಸ ಎಂದಿಗೂ ದೊಡ್ಡದಾಗದು.

ಇದೆಲ್ಲ ಸುಲಭವಾಗಬೇಕಾದರೆ ನೆಡುವಾಗಲೇ ಎಚ್ಚರಿಕೆ ಬೇಕು. ಚಳಿದೇಶಗಳಲ್ಲಿ ಹಿಮದ ಭಯದಿಂದ ಕಸಿಯ ಗಂಟನ್ನು ಮಣ್ಣಿನೊಳಗೆ ಹೂಳುವ ಪದ್ಧತಿಯುಂಟು. ಇಲ್ಲಿ ಅದರ ಅಗತ್ಯವಿಲ್ಲ. ಗಂಟು ನೆಲದಿಂದ ಎರಡು ಮೂರು ಅಂಗುಲ ಮೇಲಿರುವುದೇ ಕ್ಷೇಮ. ದಿನಕ್ಕೆ ಐದಾರು ಗಂಟೆ ಬಿಸಿಲು, ವಿಶೇಷವಾಗಿ ಬೆಳಗಿನ ಬಿಸಿಲು, ಬೀಳುವ ಸ್ಥಳವನ್ನಾರಿಸಿ, ಎರಡು ಅಡಿ ಉದ್ದ ಅಗಲ ಆಳದ ಗುಂಡಿಯನ್ನು ತೆಗೆದು ಕೆಲವು ದಿನ ಬಿಸಿಲಿಗೆ ಬಿಡಬೇಕು. ಬಳಿಕ ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ, ಒಂದೆರಡು ಹಿಡಿ ಮೂಳೆಪುಡಿ ಮತ್ತು ಬೇವಿನ ಹಿಂಡಿಯನ್ನೂ ಬೆರೆಸಿ ತುಂಬತಕ್ಕದ್ದು. ಹಸಿಯ ಸಗಣಿಯನ್ನು ಹಾಕಕೂಡದು. ಅದು ಗೆದ್ದಲನ್ನೂ ಗೊಬ್ಬರದ ಹುಳುವನ್ನೂ ಕರೆತರುತ್ತದೆ. ಗಿಡದಿಂದ ಗಿಡಕ್ಕೆ ಮೂರು ಅಡಿ ಅಂತರವಿರಲಿ. ನೀರನ್ನು ದಿನವೂ ಚಿಮುಕಿಸುವುದಕ್ಕಿಂತ, ಮೇಲ್ಮಣ್ಣು ಒಣಗಿದಾಗ ಬೇರಿನ ಆಳಕ್ಕಿಳಿಯುವಂತೆ ಹಾಯಿಸುವುದು ಲೇಸು. ಸಂಜೆಯ ಹೊತ್ತು ಎಲೆಯನ್ನು ನೆನೆಸಿದರೆ ಕರಿಚುಕ್ಕೆ ರೋಗಕ್ಕೆ ತಾವೇ ಆಹ್ವಾನವಿತ್ತಂತೆ.

ಸವರುವ ಕೆಲಸವನ್ನು ಮಳೆಯ ಬಿರುಸು ಇಳಿದ ಮೇಲೆ, ಅಕ್ಟೋಬರ್ ತಿಂಗಳಲ್ಲಿ ಮಾಡುವುದು ವಾಡಿಕೆ. ಬೆಂಗಳೂರು, ಪುಣೆಗಳ ಹವೆಯಲ್ಲಿ ಜೂನ್ ಸುಮಾರಿಗೆ ಇನ್ನೊಮ್ಮೆ ಸವರುವುದೂ ಉಂಟು. ಒಣಗಿದ, ಸೊರಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನೆಲ್ಲ ತೆಗೆದು, ಗಟ್ಟಿಯಾದ ನಾಲ್ಕೈದನ್ನು ಮಾತ್ರ ಉಳಿಸಿ, ಅವನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ಹೊರಮುಖವಾದ ಕಣ್ಣಿಗೆ ಕಾಲಂಗುಲ ಮೇಲೆ, ಓರೆಯಾಗಿ, ಹರಿತವಾದ ಕತ್ತರಿಯಿಂದ ಕತ್ತರಿಸತಕ್ಕದ್ದು. ಆರರಿಂದ ಎಂಟು ವಾರಗಳಲ್ಲಿ ಹೂ ಕಾಣುತ್ತದೆ.

ಕತ್ತರಿಸಿದ ತುದಿಯನ್ನು ಹಾಗೆಯೇ ಬಿಟ್ಟರೆ ಅಲ್ಲಿಂದ ಶಿಲೀಂಧ್ರವು ಒಳಹೊಕ್ಕು, ಕೊಂಬೆಯು ತುದಿಯಿಂದ ಕಪ್ಪಾಗಿ ಕೆಳಕ್ಕೆ ಒಣಗುತ್ತ ಬರುತ್ತದೆ. ಈ ಒಣಗು ಗಂಟನ್ನು ಮುಟ್ಟಿದರೆ ಕಸಿಯು ಹೋದಂತೆಯೇ. ಆ ಬಳಿಕ ಉಳಿಯುವುದು ಕಳ್ಳಚಿಗುರಿಗೆ ರಾಜ್ಯ. ಆದ್ದರಿಂದ ಪ್ರತಿ ಗಾಯಕ್ಕೂ ಬೋರ್ಡೋ ಲೇಪವನ್ನು ಹಚ್ಚಬೇಕು. ಬೋರ್ಡೋ ಔಷಧವು ಈ ಸೀಮೆಯವರಿಗೆ ಹೊಸದಲ್ಲ. ಅಡಕೆಯ ಕೊಳೆರೋಗಕ್ಕೆ ಅದನ್ನು ಸಿಂಪಡಿಸುವ ಪದ್ಧತಿಯನ್ನು ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿದ್ದಾಗ ಬಳಕೆಗೆ ತಂದರು. ಮನೆಯ ಮಟ್ಟಿಗೆ 10 ಗ್ರಾಂ ಮೈಲುತುತ್ತವನ್ನು 50 ಮಿಲಿಲೀಟರ್ ನೀರಿನಲ್ಲಿಯೂ, 10 ಗ್ರಾಂ ಸುಣ್ಣವನ್ನು ಅಷ್ಟೇ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ ಕೂಡಿಸಿದರೆ ಸಾಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಬೇಕು, ಲೋಹದ ಪಾತ್ರೆ ಕೂಡದು. ಹೊಳಪಿನ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿದಾಗ ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸತಕ್ಕದ್ದು. ಮೈಲುತುತ್ತವು ವಿಷವಾದ್ದರಿಂದ ಮಕ್ಕಳ ಕೈಗೆ ಸಿಕ್ಕದಂತಿಡಬೇಕು. ಮಾಡಿದ ಲೇಪವನ್ನು ಅಂದೇ ಮುಗಿಸಬೇಕು.