ಅಕ್ಷರದ ಕಾಲಂ ಅಂಕಿಯಾಗುವಾಗ: ಗಣಕ ಲೆಕ್ಕದಲ್ಲಿ ವಹಿಸಬೇಕಾದ ಎಚ್ಚರ

ಕೀರ್ದಿ, ಖತಾವಣಿಗಳನ್ನು ಕಾಗದದ ಮೇಲೆ ಬರೆಯುತ್ತಿದ್ದ ಕಾಲದಲ್ಲಿ 1,25,000 ಎಂಬ ಬರಹವನ್ನು ನೋಡಿದ ಗುಮಾಸ್ತನಿಗೆ ಅದು ಒಂದು ಲಕ್ಷದ ಇಪ್ಪತ್ತೈದು ಸಾವಿರವೆಂಬುದರಲ್ಲಿ ಸಂಶಯವಿರುತ್ತಿರಲಿಲ್ಲ. ಗಣಕಯಂತ್ರಕ್ಕೆ ಆ ವಿವೇಕವಿಲ್ಲ. ಡೇಟಾಬೇಸಿನ ಪ್ರತಿಯೊಂದು ಕಾಲಮ್ಮಿನಲ್ಲಿ ಇಡುವುದು ಅಕ್ಷರವೋ ಸಂಖ್ಯೆಯೋ ಎಂಬುದನ್ನು ಅದಕ್ಕೆ ಮೊದಲೇ ತಿಳಿಸಬೇಕು. ಅವಸರದಲ್ಲಿ ಎಲ್ಲ ಕಾಲಮ್ಮುಗಳನ್ನೂ ಟೆಕ್ಸ್ಟ್, ಅಂದರೆ ಅಕ್ಷರವೆಂದೇ ಮಾಡಿಟ್ಟ ಲೆಕ್ಕಗಳು ಸಣ್ಣ ಪೇಟೆಗಳಲ್ಲಿ ಅಪರೂಪವಲ್ಲ. ಅದರ ಪರಿಣಾಮ ತೆರಿಗೆಯ ಕಟ್ಟೆಯವರೆಗೂ ಹೋಗಬಲ್ಲದು.

ತೊಂದರೆ ಎಲ್ಲಿದೆ?

ಹಾನಗಲ್ ತಾಲೂಕಿನ ತಿಳವಳ್ಳಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ತರಿಸಿ ಖಾರದ ಪುಡಿ ಮಾಡಿ ಮಾರುವ ಸಣ್ಣ ಘಟಕವೊಂದನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಅದರ ಮೂರು ಬಿಲ್ಲುಗಳ ಮೊತ್ತ 9500, 62000 ಮತ್ತು 125000. ಇವು ಅಕ್ಷರಗಳಾಗಿದ್ದರೆ ಯಂತ್ರವು ನಿಘಂಟಿನ ಪದಗಳಂತೆ ಎಡದಿಂದ ಒಂದೊಂದೇ ಅಂಕಿಯನ್ನು ಹೋಲಿಸುತ್ತದೆ. 1 ಎಂಬುದು 5ಕ್ಕಿಂತ ಮೊದಲು ಬರುವುದರಿಂದ 125000 ಎಂಬುದು 50000ಕ್ಕಿಂತ ಚಿಕ್ಕದು. 9 ಎಂಬುದು 5ರ ನಂತರ ಬರುವುದರಿಂದ 9500 ದೊಡ್ಡದು.

ಐವತ್ತು ಸಾವಿರ ರೂಪಾಯಿ ಮೀರಿದ ತೆರಿಗೆಯುಕ್ತ ಸರಕಿನ ಸಾಗಣೆಗೆ ಇ-ವೇ ಬಿಲ್ ಬೇಕು. ಕರ್ನಾಟಕದಲ್ಲಿ ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಿಂದ ಈ ನಿಯಮ ಜಾರಿಗೆ ಬಂದಿತು. ಅಕ್ಷರದ ಕಾಲಮ್ಮನ್ನು ನಂಬಿ "ಐವತ್ತು ಸಾವಿರ ಮೀರಿದ ಬಿಲ್ಲುಗಳು" ಎಂದು ಪಟ್ಟಿ ತೆಗೆದರೆ ಒಂದೂಕಾಲು ಲಕ್ಷದ ಬಿಲ್ಲು ಅದರಲ್ಲಿ ಕಾಣುವುದೇ ಇಲ್ಲ. ದಾಖಲೆಯಿಲ್ಲದೆ ಹೊರಟ ಲಾರಿ ದಾರಿಯಲ್ಲಿ ಸಿಕ್ಕಿಬಿದ್ದರೆ ದಂಡ ತೆರುವವನು ವ್ಯಾಪಾರಿಯೇ ಹೊರತು ಯಂತ್ರವಲ್ಲ. ಎಕ್ಸೆಲ್‌ನಲ್ಲಿ ಇನ್ನೊಂದು ಅಪಾಯವಿದೆ. ಅಕ್ಷರವಾಗಿ ಕುಳಿತ ಮೊತ್ತಗಳನ್ನು ಅದರ ಸಮ್ ಸೂತ್ರವು ಸದ್ದಿಲ್ಲದೆ ಬಿಟ್ಟು ಕೂಡಿಸುತ್ತದೆ.

ಯಾವುದನ್ನು ಬದಲಿಸಬೇಕು, ಯಾವುದನ್ನು ಬಾರದು?

ಕೂಡಿ ಕಳೆಯುವ, ಹೆಚ್ಚು ಕಡಿಮೆ ಎಂದು ಹೋಲಿಸುವ ಕಾಲಂ ಸಂಖ್ಯೆಯಾಗಬೇಕು: ತೂಕ, ಚೀಲಗಳ ಎಣಿಕೆ, ದರ, ಮೊತ್ತ, ತೆರಿಗೆ. ಗುರುತಿಗಾಗಿ ಇರುವುದು, ಅದರಲ್ಲಿ ಬರಿಯ ಅಂಕಿಗಳೇ ಇದ್ದರೂ, ಅಕ್ಷರವಾಗಿಯೇ ಉಳಿಯಬೇಕು. ಮೆಣಸಿನಕಾಯಿಯ ಎಚ್‌ಎಸ್‌ಎನ್ ಸಂಕೇತ 0904. ಅದನ್ನು ಸಂಖ್ಯೆಯಾಗಿಸಿದರೆ ಮುಂದಿನ ಸೊನ್ನೆ ಬಿದ್ದು 904 ಉಳಿಯುತ್ತದೆ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಸಂಖ್ಯೆಯೆಂದು ಬರೆದರೆ, ಅದು ಹದಿನೈದು ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. ಮೊಬೈಲ್ ಸಂಖ್ಯೆ, ಪಿನ್‌ಕೋಡ್‌ಗಳಿಗೂ ಇದೇ ನ್ಯಾಯ.

ಸಂಖ್ಯೆಗಳಲ್ಲೂ ಬಗೆಗಳಿವೆ. ಹಣಕ್ಕೆ ಡೆಸಿಮಲ್ ಬಗೆಯೇ ಯೋಗ್ಯ. ಫ್ಲೋಟ್ ಬಗೆಯು ದ್ವಿಮಾನ ಪದ್ಧತಿಯಲ್ಲಿ ಸಮೀಪದ ಬೆಲೆಯನ್ನು ಮಾತ್ರ ಇಟ್ಟುಕೊಳ್ಳುವುದರಿಂದ ಹತ್ತು ಪೈಸೆಯನ್ನೂ ನಿಖರವಾಗಿ ಹಿಡಿಯಲಾರದು. ಸಾವಿರಾರು ನಮೂದುಗಳ ಮೊತ್ತದಲ್ಲಿ ಪೈಸೆಗಳ ವ್ಯತ್ಯಾಸ ತಲೆಹಾಕಬಹುದು. ಹಣಕ್ಕೆ ದಶಾಂಶದ ನಂತರ ಎರಡು ಸ್ಥಾನ, ಕಿಲೋಗ್ರಾಂ ಲೆಕ್ಕದ ತೂಕಕ್ಕೆ ಮೂರು ಸ್ಥಾನ ಸಾಕು.

ನೇರ ಬದಲಾವಣೆಯ ಅಪಾಯ

ಕಾಲಮ್ಮಿನ ಬಗೆಯನ್ನು ಒಂದೇ ಆದೇಶದಲ್ಲಿ ಬದಲಿಸಬಹುದು. ಆದರೆ ಎಲ್ಲ ತಂತ್ರಾಂಶಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಪೋಸ್ಟ್‌ಗ್ರೆಸ್ ತಾನಾಗಿ ಬದಲಿಸಲು ಒಪ್ಪದೆ, ಯಾವ ರೀತಿ ಪರಿವರ್ತಿಸಬೇಕೆಂದು ಸ್ಪಷ್ಟವಾಗಿ ಬರೆದುಕೊಡುವಂತೆ ಕೇಳುತ್ತದೆ. ಮೈಎಸ್‌ಕ್ಯೂಎಲ್ ಕಟ್ಟುನಿಟ್ಟಿನ ಕ್ರಮದಲ್ಲಿದ್ದರೆ ತಪ್ಪು ತೋರಿಸಿ ನಿಲ್ಲುತ್ತದೆ. ಸಡಿಲ ಕ್ರಮದಲ್ಲಿದ್ದರೆ 1,25,000 ಎಂಬುದನ್ನು ಮೊದಲ ಅಲ್ಪವಿರಾಮದವರೆಗೆ ಓದಿ ಬರಿಯ 1 ಎಂದು ಬರೆದುಕೊಂಡು, ಒಂದು ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಸಾಗುತ್ತದೆ. ಆಕ್ಸೆಸ್ ತನಗೆ ಅರ್ಥವಾಗದ ನಮೂದುಗಳನ್ನು ಅಳಿಸುವುದಾಗಿ ತಿಳಿಸಿ ಒಪ್ಪಿಗೆ ಕೇಳುತ್ತದೆ. ಓದದೆ "ಎಸ್" ಒತ್ತಿದವನ ಲೆಕ್ಕ ಅಲ್ಲಿಗೆ ಮುಗಿಯಿತು.

ಅನುಸರಿಸಬೇಕಾದ ಕ್ರಮ

1. ಮೊದಲು ಇಡೀ ಡೇಟಾಬೇಸಿನ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ರಿಟರ್ನ್ ಸಲ್ಲಿಸುವ ದಿನ ಈ ಕೆಲಸಕ್ಕೆ ಕೈಹಾಕಬಾರದು.

2. ಹಳೆಯ ಕಾಲಮ್ಮನ್ನು ಮುಟ್ಟದೆ, ಅದರ ಪಕ್ಕದಲ್ಲಿ ಸಂಖ್ಯೆಯ ಬಗೆಯ ಹೊಸ ಕಾಲಮ್ಮನ್ನು ಸೇರಿಸಬೇಕು.

3. ಅಲ್ಪವಿರಾಮ, "ರೂ.", "ಕ್ವಿಂ." ಹಾಗೂ ಕಣ್ಣಿಗೆ ಕಾಣದ ಖಾಲಿ ಜಾಗಗಳನ್ನು ತೆಗೆದು ಬೆಲೆಗಳನ್ನು ಹೊಸ ಕಾಲಮ್ಮಿಗೆ ತುಂಬಬೇಕು. ಕನ್ನಡ ಅಂಕಿಗಳಿದ್ದರೆ (೧೨೫) ಅವನ್ನು 125 ಎಂದು ಮಾಡಿಕೊಳ್ಳಬೇಕು. ಕ್ವಿಂಟಲ್ ಮತ್ತು ಕಿಲೋ ಬೆರೆತಿದ್ದರೆ "ಕ್ವಿಂ." ಅಳಿಸುವ ಮೊದಲೇ ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಆವರಣದಲ್ಲಿ ಬರೆದ (500) ಎಂಬುದು ಋಣ ಮೊತ್ತವೋ ಅಲ್ಲವೋ ಎಂಬುದನ್ನು ಲೆಕ್ಕ ಬರೆದವರನ್ನು ಕೇಳಿಯೇ ನಿರ್ಧರಿಸಬೇಕು.

4. ಖಾಲಿ ಜಾಗವನ್ನು ಸೊನ್ನೆ ಮಾಡಬಾರದು. "ತೂಕ ಬರೆದಿಲ್ಲ" ಎಂಬುದು ಬೇರೆ, "ತೂಕ ಸೊನ್ನೆ" ಎಂಬುದು ಬೇರೆ. ಸರಾಸರಿ ದರ ತೆಗೆಯುವಾಗ ಈ ಭೇದ ಹಣದ ಭೇದವೇ ಆಗುತ್ತದೆ.

5. ಪರಿವರ್ತನೆಯಾಗದ ನಮೂದುಗಳ ಪಟ್ಟಿ ತೆಗೆದು, ಮೂಲ ಬಿಲ್ಲು ನೋಡಿ ಒಂದೊಂದಾಗಿ ತಿದ್ದಬೇಕು. ಊಹೆಗೆ ಇಲ್ಲಿ ಸ್ಥಾನವಿಲ್ಲ.

6. ಕೊನೆಗೆ ತಾಳೆ. ಹೊಸ ಕಾಲಮ್ಮಿನ ತಿಂಗಳುವಾರು ಮೊತ್ತವನ್ನು ಸಲ್ಲಿಸಿದ ಜಿಎಸ್‌ಟಿ ರಿಟರ್ನ್ ಜೊತೆಗೂ, ಗಿರಾಕಿವಾರು ಬಾಕಿಯನ್ನು ಖತಾವಣಿಯ ಜೊತೆಗೂ ಹೋಲಿಸಬೇಕು. ಸಾಲುಗಳ ಎಣಿಕೆ ಸರಿಹೋದರೆ ಸಾಲದು. 1,25,000 ಎಂಬುದು 1 ಆದರೂ ಸಾಲು ಒಂದೇ ಅಲ್ಲವೇ?

ತಾಳೆಯಾದ ಮೇಲೆಯೇ ಹೊಸ ಕಾಲಮ್ಮನ್ನು ಬಳಕೆಗೆ ತರಬೇಕು. ಹಳೆಯದನ್ನು ಕನಿಷ್ಠ ಆ ವರ್ಷದ ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಉಳಿಸಿಕೊಳ್ಳುವುದು ಲೇಸು. ಪರಿವರ್ತನೆಗೆ ಮೊದಲು ತೆಗೆದ ಪ್ರತಿಯನ್ನು ಇನ್ನೂ ದೀರ್ಘಕಾಲ ಜೋಪಾನ ಮಾಡಬೇಕು. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳಿಗೆ ಇನ್ನೊಂದು ಹೊಣೆಯೂ ಇದೆ. ಅವುಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಿನಾಂಕಸಹಿತ ಉಳಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಿಡಿ ವ್ಯಾಪಾರಿಗಳಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮದ ಕಡ್ಡಾಯವಿಲ್ಲ. ಆದರೂ ಯಾರು, ಯಾವ ದಿನ, ಯಾವ ಕಾಲಮ್ಮನ್ನು ಬದಲಿಸಿದರು, ಮೊದಲಿನ ಮತ್ತು ನಂತರದ ಮೊತ್ತವೆಷ್ಟು ಎಂಬ ಒಂದು ಪುಟದ ಟಿಪ್ಪಣಿಗೆ ಸಹಿ ಮಾಡಿ ಕಡತದಲ್ಲಿಟ್ಟರೆ, ಮುಂದೆ ಅಧಿಕಾರಿಗಳು ಪ್ರಶ್ನಿಸಿದಾಗ ಉತ್ತರ ಕೈಯಲ್ಲಿಯೇ ಇರುತ್ತದೆ.